ಗುರುವಾರ ಹೊರಟವಳು

ಟಿಕೆಟ್ಟಿನ ಲೆಕ್ಕದಲ್ಲಿ ನಾನು ಇಂಗ್ಲೆಂಡಿಗೆ ಹೊರಟದ್ದು ಒಂದು ಭಾನುವಾರ. ನಮ್ಮ ತಂದೆಯ ಲೆಕ್ಕದಲ್ಲಿ ಅದಕ್ಕೆ ಮೂರು ದಿನ ಮೊದಲು, ಗುರುವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ. ಈ ಮೂರು ದಿನಗಳ ವಿಷಯವನ್ನು ಇದುವರೆಗೆ ಒಬ್ಬರನ್ನು ಬಿಟ್ಟು ಇನ್ನಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ಪಾಪ ಅನ್ನುತ್ತಾರೆ. ನನಗೆ ಎರಡೂ ಬೇಡ.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ನಲವತ್ತೊಂದು. ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಶಂಕರಪುರದ ಮನೆಯಲ್ಲಿ ನಾನು ಮತ್ತು ತಂದೆ, ಇಬ್ಬರೇ. ನಮ್ಮಲ್ಲಿ ತಂದೆಯನ್ನು ಅಣ್ಣ ಎಂದು ಕರೆಯುವ ರೂಢಿ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಅಣ್ಣ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಕಚೇರಿ ಬಿಟ್ಟ ಮೇಲೆ ಅವರಿಗೆ ಮೇಲಧಿಕಾರಿ ಎಂದು ಉಳಿದದ್ದು ಪಂಚಾಂಗವೊಂದೇ. ಕ್ಷೌರಕ್ಕೆ ಹೋಗಬೇಕಾದರೂ ಅದರ ಅಪ್ಪಣೆ ಬೇಕು. ನಾನು ಆ ಪುಸ್ತಕ ಕಂಡರೆ ಉರಿದುಬೀಳುತ್ತಿದ್ದೆ. ಶಾಲೆಯಲ್ಲಿ ಮಕ್ಕಳು ನನ್ನ ಬೆನ್ನ ಹಿಂದೆ ಸಿಡುಕಿ ಅನ್ನುತ್ತಿದ್ದರು. ಅದು ಗೊತ್ತಿತ್ತು, ಸುಳ್ಳೇನೂ ಅಲ್ಲ ಅಂತ ಸುಮ್ಮನಿದ್ದೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮದುವೆಯಾದ ವರ್ಷವೇ ಭಾವನ ಜೊತೆ ಲಂಡನ್ನಿನ ಹೊರವಲಯದ ಒಂದು ಊರಿಗೆ ಹೋದಳು. ಭಾವ ಮುಂಬಯಿಯಲ್ಲಿ ಬೆಳೆದವರು. ಕನ್ನಡ ಚೆನ್ನಾಗಿಯೇ ಮಾತಾಡುತ್ತಾರೆ, ಆದರೆ ನಮ್ಮ ಕಡೆಯ ಮಡಿ ಹುಡಿ, ಶಾಸ್ತ್ರ ಯಾವುದೂ ಅವರಿಗೆ ಗೊತ್ತಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಪ್ರತಿ ವರ್ಷ ಅಕ್ಕ "ಬೇಸಿಗೆ ರಜಕ್ಕೆ ಬಾರೆ, ಒಂದು ತಿಂಗಳು ಇದ್ದು ಹೋಗು" ಎಂದು ಕರೆಯುತ್ತಿದ್ದಳು. ನಾನು ಪ್ರತಿ ವರ್ಷ ಒಂದು ನೆಪ ಹೇಳುತ್ತಿದ್ದೆ. ಒಂದು ವರ್ಷ ಅಮ್ಮನ ಮಂಡಿನೋವು, ಇನ್ನೊಂದು ವರ್ಷ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವ ಕೆಲಸ. ಒಂದು ವರ್ಷ ನೆಪವೂ ಹೇಳದೆ, ಮುಂದಿನ ವರ್ಷ ನೋಡೋಣ ಅಂದುಬಿಟ್ಟೆ.

ಆಮೇಲೆ ಅಮ್ಮ ಹೋದಳು. ಅಕ್ಕ ಬಂದು ತಲುಪಿದ್ದು ಹದಿಮೂರನೆಯ ದಿನ. ಟಿಕೆಟ್ ಸಿಗಲಿಲ್ಲ ಅಂದಳು, ನಿಜವೇ ಇರಬೇಕು. ಆದರೆ ಆ ದಿನಗಳ ದಣಿವು, ಸಿಟ್ಟು ಎಲ್ಲ ಸೇರಿ ನನ್ನ ಬಾಯಿಂದ ಒಂದು ಮಾತು ಬಂತು. ಅವಳು ಇನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು.

"ಬಾ, ಊಟಕ್ಕೆ ಸರಿಯಾಗಿ ಬಂದಿದೀಯ."

ಅಕ್ಕ ಚಪ್ಪಲಿ ಬದಿಗೆ ಸರಿಸಿದಳು. ಹೋಗಿ ಅಮ್ಮನ ಪಟದ ಮುಂದೆ ಕೂತಳು. ಊಟಕ್ಕೆ ಮಾತ್ರ ಏಳಲಿಲ್ಲ. ಅದಾದ ಮೇಲೂ ಅವಳ ಫೋನು ಬರುತ್ತಿತ್ತು, ಆದರೆ ಬೇಸಿಗೆಗೆ ಬಾ ಎಂದು ಕರೆಯುವುದನ್ನು ನಿಲ್ಲಿಸಿದ್ದಳು. ನಾನೂ ಬರ್ತೀನಿ ಎಂದು ಹೇಳಲಿಲ್ಲ. ಹೀಗೆ ಮೂರು ವರ್ಷ.

ಮೂರನೆಯ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಭಾವ ಫೋನ್ ಮಾಡಿದರು. ಅಕ್ಕನ ಹೊಟ್ಟೆಯಲ್ಲಿ ಗಡ್ಡೆ, ಲಿವರಿಗೂ ಹರಡಿದೆ, ಆಪರೇಷನ್ ಮಾಡುವ ಹಾಗಿಲ್ಲ, ಬೇಸಿಗೆ ನೋಡುವುದು ಅನುಮಾನ ಎಂದು ಡಾಕ್ಟರು ಹೇಳಿದ್ದಾರೆ. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ ಅಕ್ಕನ ಕೈಗೆ ಫೋನ್ ಕೊಟ್ಟರು.

"ಈ ಸಲನಾದ್ರೂ ಬಾರೆ," ಅಂದಳು ಅಕ್ಕ. "ಬರ್ತಾ ಅಮ್ಮಂದು ಒಂದು ಹಳೇ ಹತ್ತಿ ಸೀರೆ ತೊಗೊಂಡ್ಬಾ. ಇಲ್ಲಿ ಹೊದಿಯೋದೆಲ್ಲಾ ಚುಚ್ಚುತ್ತೆ. ಇನ್ನೇನೂ ಬೇಡ."

"ಬಂದೇ ಬರ್ತೀನಿ ಕಣೆ," ಅಂದೆ.

ಪಾಸ್‌ಪೋರ್ಟ್ ಎಂಬ ವಸ್ತುವನ್ನು ನಮ್ಮ ಮನೆಯಲ್ಲಿ ಅದುವರೆಗೆ ಅಕ್ಕನೊಬ್ಬಳೇ ಕಂಡವಳು. ಅರ್ಜಿ, ಫೋಟೋ, ಅಲ್ಲಿಯ ಡಾಕ್ಟರ ಪತ್ರ, ಪೊಲೀಸರ ವಿಚಾರಣೆ. ಮನೆಗೆ ಬಂದ ಪೊಲೀಸಿನವನು ನನ್ನ ನಡತೆಯ ಬಗ್ಗೆ ಎದುರುಮನೆ ಅಜ್ಜಿಯನ್ನು ಕೇಳಿದ. ಅಜ್ಜಿ "ಬಾಯಿ ಸ್ವಲ್ಪ ಜೋರು, ಬಿಟ್ರೆ ಚಿನ್ನದಂಥವಳು" ಎಂದು ಸಾಕ್ಷಿ ಹೇಳಿದರಂತೆ. ಪಾಸ್‌ಪೋರ್ಟ್ ಕಚೇರಿಯಲ್ಲಿ, ಹೆಸರಿನ ಮುಂದಿನ ಎರಡು ಇನಿಷಿಯಲ್ಲುಗಳನ್ನು ಬಿಡಿಸಿ ಬರೆಯಿರಿ ಅಂದರು. ಬಿಡಿಸಿದೆ. ನಾನು ಹುಟ್ಟಿದ ಮೇಲೆ ಒಮ್ಮೆಯೂ ಕಾಲಿಡದ ನಮ್ಮ ಅಜ್ಜನ ಊರು ನನ್ನ ಸರ್‌ನೇಮ್ ಆಗಿ ಕೂತಿತು. ವೀಸಾಕ್ಕೆ ಮದರಾಸಿಗೆ ಹೋದೆ. ಗಾಜಿನ ಆಚೆ ಕೂತಿದ್ದ ಹೆಂಗಸು, ನೀವು ವಾಪಸ್ ಬರುತ್ತೀರಿ ಎಂದು ನಂಬುವುದು ಹೇಗೆ ಎಂದು ಕೇಳಿದಳು. ಮನೆಯಲ್ಲಿ ವಯಸ್ಸಾದ ತಂದೆ ಇದ್ದಾರೆ, ಶಾಲೆಯಲ್ಲಿ ನೂರಾರು ಉತ್ತರಪತ್ರಿಕೆಗಳಿವೆ ಅಂದೆ. ಅವಳು ನಕ್ಕು ಠಸ್ಸೆ ಒತ್ತಿದಳು. ಇಷ್ಟಾಗುವಾಗ ಏಪ್ರಿಲ್ ಬಂದಿತ್ತು. ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ಗುಣವಾಗಿ ಅಲ್ಲ, ಇನ್ನು ಅಲ್ಲಿ ಮಾಡುವುದೇನೂ ಇಲ್ಲ ಎಂದು.

ಟಿಕೆಟ್ ಒಂದು ವಾರ ವೆಯ್ಟಿಂಗ್ ಲಿಸ್ಟಿನಲ್ಲಿ ನೇತಾಡಿತು. ಬಂದ ದಿನ ಬರಲಿ, ಯಾವ ವಿಮಾನ ಎಂದು ಗೊತ್ತಾದ ಕೂಡಲೇ ತಿಳಿಸುತ್ತೇವೆ ಎಂದು ಭಾವನಿಗೆ ಹೇಳಿಟ್ಟಿದ್ದೆವು. ಬುಧವಾರ ಸಂಜೆ ಸೀಟು ಖಾತ್ರಿಯಾಯಿತು. ಭಾನುವಾರ ಸಂಜೆ ಮುಂಬಯಿ, ಅಲ್ಲಿಂದ ಲಂಡನ್, ಸೋಮವಾರ ಬೆಳಿಗ್ಗೆ ತಲುಪುವುದು. ನಾನು ಟ್ರಾವೆಲ್ಸಿನವರ ಹತ್ತಿರದಿಂದ ಟಿಕೆಟ್ ಹಿಡಿದು ಓಡಿಬಂದೆ. ಅಣ್ಣ ಅದನ್ನು ನೋಡುವ ಮೊದಲು ಪಂಚಾಂಗ ನೋಡಿದರು.

"ಭಾನುವಾರ ಪಡುವಲ ದಿಕ್ಕಿಗೆ ಶೂಲ ಕಣಮ್ಮ."

"ಪಡುವಲ ದಿಕ್ಕಲ್ಲೇ ಇರೋದು ಅಣ್ಣ, ಇಂಗ್ಲೆಂಡು. ನಾನೇನ್ ಮಾಡ್ಲಿ?"

"ನೀನೇನೂ ಮಾಡ್ಬೇಡ. ನಾಳೆ ಗುರುವಾರ, ದಿನ ಚೆನ್ನಾಗಿದೆ. ಪರಸ್ಥಾನ ಇಟ್ಬಿಡೋಣ."

ಪಂಚಾಂಗದ ಭಾಷೆಯಲ್ಲಿ ಅದು ಪ್ರಸ್ಥಾನ. ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಪರಸ್ಥಾನವಾಗಿತ್ತು. ಹೊರಡಬೇಕಾದ ದಿನ ಕೆಟ್ಟದ್ದಾಗಿದ್ದರೆ, ಅದಕ್ಕೆ ಮೊದಲೇ ಬರುವ ಒಳ್ಳೆಯ ದಿನ, ಒಳ್ಳೆಯ ಗಳಿಗೆಯಲ್ಲಿ, ಹೊರಡುವವರ ಕೈಯಿಂದ ಒಂದು ಗಂಟು ಕಟ್ಟಿಸಿ ಬೇರೆ ಮನೆಯಲ್ಲಿ ಇಡಿಸುವುದು. ಬಟ್ಟೆಯಲ್ಲಿ ಒಂದು ಹಿಡಿ ಅಕ್ಕಿ, ಅಡಿಕೆ, ಅರಿಸಿನದ ಕೊನೆ, ಒಂದು ನಾಣ್ಯ. ಗಂಟು ಹೊಸಿಲು ದಾಟಿತೆಂದರೆ ಪ್ರಯಾಣ ಶುರುವಾಯಿತು. ಆಮೇಲೆ ನಾವು ಮನೆಯಲ್ಲೇ ಉಂಡು, ಮಲಗಿ, ಹಲ್ಲುಜ್ಜಿಕೊಂಡು ಇದ್ದರೂ ಲೆಕ್ಕಕ್ಕಿಲ್ಲ. ನಿಜವಾಗಿ ಹೊರಡುವ ದಿನ ಆ ಗಂಟನ್ನು ದಾರಿಯಲ್ಲಿ ಎತ್ತಿಕೊಂಡು ಹೋಗಬೇಕು, ಅದನ್ನು ಮನೆಯೊಳಗೆ ತರಕೂಡದು. ನಡುವೆ ಯಾರೂ "ಇನ್ನೂ ಹೊರಟಿಲ್ಲ" ಎಂದು ಬಾಯಿ ತಪ್ಪಿಯೂ ಅನ್ನಕೂಡದು. ಅಂದರೆ ಇಟ್ಟದ್ದು ಕೆಟ್ಟಿತು.

ಅಕ್ಕ ಮೊದಲ ಸಲ ಹೊರಟಾಗಲೂ ಅಣ್ಣ ಹೀಗೇ ಎದುರುಮನೆಯಲ್ಲಿ ಗಂಟು ಇಡಿಸಿದ್ದರು. ಅಕ್ಕ ಆಮೇಲೆ ಎರಡು ದಿನ ಒಂದು ಲೋಟ ಎತ್ತಿಡಲಿಲ್ಲ. "ನಾನು ಹೊರಟಾಯ್ತಲ್ಲ, ಪಾತ್ರೆ ನೀನೇ ತೊಳಿ" ಎಂದು ನನ್ನನ್ನು ಅಣಕಿಸುತ್ತ ಅಡುಗೆಮನೆ ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಿದ್ದಳು. ನಾನು ಸೌಟು ಎಸೆದಿದ್ದೆ. ಅಮ್ಮ ಇಬ್ಬರಿಗೂ ಬೈದಿದ್ದಳು.

ಗುರುವಾರ ಏಳೂಮುಕ್ಕಾಲಿಗೆ ನಾನು ಕೆಂಪು ಬಟ್ಟೆಯ ಗಂಟು ಹಿಡಿದು ರಸ್ತೆ ದಾಟಿದೆ. ಎದುರುಮನೆ ಅಜ್ಜಿ ಅದನ್ನು ದೇವರ ಗೂಡಿನ ಪಕ್ಕದಲ್ಲಿ ಇಟ್ಟುಕೊಂಡರು. ಶಾಲೆಗೆ ಹೊತ್ತಾಗುತ್ತಿತ್ತು. ವಾದ ಮಾಡುವುದಕ್ಕಿಂತ ರಸ್ತೆ ದಾಟುವುದೇ ಸುಲಭ ಎಂದು ದಾಟಿದೆ, ಅಷ್ಟೇ.

ಸಂಜೆ ಫೋನು ಬಂತು. ನಾನು ನಡುಮನೆಯಲ್ಲಿ ಪೆಟ್ಟಿಗೆ ತುಂಬುತ್ತಿದ್ದೆ. ಅಮ್ಮನ ಸೀರೆಯನ್ನು ಎಲ್ಲಕ್ಕಿಂತ ಮೇಲೆ ಬರುವ ಹಾಗೆ ಮಡಿಸುತ್ತಿದ್ದೆ. ಅಣ್ಣ ಎತ್ತಿಕೊಂಡರು. ಆ ಕಡೆ ಅಕ್ಕನೇ. ದನಿ ನನಗೆ ಕೇಳಿಸಲಿಲ್ಲ, ಅಣ್ಣನ ದನಿ ಮಾತ್ರ ಎತ್ತರಿಸಿತು.

"ಹೊರಟಾಯ್ತಮ್ಮ! ಹೊರಟಳು! ಬೆಳಿಗ್ಗೆ ಏಳೂಮುಕ್ಕಾಲಿಗೆ ಹೊರಟಳು. ನೀನು ಧೈರ್ಯವಾಗಿರು."

ನಾನು ಎದ್ದು ಕೈ ಚಾಚುವಷ್ಟರಲ್ಲಿ ಲೈನು ಕಟ್ಟಾಯಿತು, ಅಥವಾ ಅವಳೇ ಇಟ್ಟಳು.

"ಏನಣ್ಣ ಇದು, ಹೊರಟಳು ಅಂದ್ಬಿಟ್ರಿ? ಫ್ಲೈಟ್ ಯಾವುದು ಅಂತಾನಾದ್ರೂ ಹೇಳ್ಬೇಡ್ವಾ?"

"ಇನ್ನೇನು ಅನ್ಬೇಕಿತ್ತು? ಹೊರಟಿಲ್ಲ ಅಂತ ನನ್ನ ಬಾಯಲ್ಲಿ ಬರುತ್ತಾ?" ಅಣ್ಣನ ಕಣ್ಣು ತುಂಬಿತ್ತು. "ಅವಳಿಗೆ ಗೊತ್ತಾಗುತ್ತೆ ಬಿಡು. ಈ ಮನೇಲೇ ಬೆಳೆದವಳು."

ನನಗೂ ಹಾಗೇ ಅನ್ನಿಸಿತು. ಪಾತ್ರೆ ತೊಳೆಯದೆ ಕಾಲಾಡಿಸುತ್ತ ಕೂತವಳು, ಪರಸ್ಥಾನ ಅಂದರೆ ಏನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೇಳಿ ನಕ್ಕಿರುತ್ತಾಳೆ ಅಂದುಕೊಂಡೆ. ನಮ್ಮ ಮನೆಯ ಫೋನಿನಿಂದ ಹೊರದೇಶಕ್ಕೆ ಮಾಡುವ ಹಾಗಿರಲಿಲ್ಲ. ಗಾಂಧಿ ಬಜಾರಿನ ಬೂತಿಗೆ ಹೋಗಬೇಕು. ಶುಕ್ರವಾರ ಆ ಬೂತಿನ ಮುಂದೆ ಎರಡು ಸಲ ಹಾದುಹೋದೆ. ಒಮ್ಮೆ ಒಳಗೆ ಜನ ಇದ್ದರು. ಇನ್ನೊಮ್ಮೆ ಯಾರೂ ಇರಲಿಲ್ಲ, ನನ್ನ ಕೈಯಲ್ಲಿ ಉಣ್ಣೆಯ ಸ್ವೆಟರು, ಚಟ್ನಿಪುಡಿಯ ಪೊಟ್ಟಣ ಎಲ್ಲ ಇತ್ತು, ಮನೆಗೆ ಹೋಗಿ ಅಡುಗೆ ಮಾಡಬೇಕಿತ್ತು. ಇನ್ನು ಮೂರು ದಿನಕ್ಕೆ ಎದುರಿಗೇ ಮಾತಾಡುತ್ತೇನಲ್ಲ ಅಂದುಕೊಂಡೆ. ಶನಿವಾರ ಶಾಲೆಯಲ್ಲಿ ರಜೆಯ ಕಾಗದಗಳಿಗೆ ಓಡಾಡುವುದರಲ್ಲೇ ಮುಗಿಯಿತು. ಆ ಬೂತು ಈಗ ಇಲ್ಲ, ಅಲ್ಲಿ ಹೂವಿನವಳೊಬ್ಬಳು ಕೂರುತ್ತಾಳೆ. ನಾನು ಇವತ್ತಿಗೂ ಆ ಕಡೆಯ ಫುಟ್‌ಪಾತಿನಲ್ಲಿ ನಡೆಯುವುದಿಲ್ಲ.

ಭಾನುವಾರ ನಾಲ್ಕೂವರೆಗೆ ರಾಹುಕಾಲ. ಅದಕ್ಕೆ ಮೊದಲೇ ಆಟೋ ತರಿಸಿ, ಎದುರುಮನೆಯ ಬಾಗಿಲಲ್ಲಿ ನಿಲ್ಲಿಸಿ, ಗಂಟು ಎತ್ತಿಕೊಂಡೆ. ಅಣ್ಣ ನಮ್ಮ ಗೇಟಿನಲ್ಲಿ ನಿಂತಿದ್ದರು. ಹೋಗಿ ಬರ್ತೀನಿ ಅನ್ನುವ ಹಾಗೂ ಇರಲಿಲ್ಲ, ಅವರ ಪ್ರಕಾರ ನಾನು ಆಗಲೇ ಹೋಗಿಯಾಗಿತ್ತು. ಅವರು ಕೈ ಎತ್ತಲೂ ಇಲ್ಲ, ಮುಖ ಮಾತ್ರ ತುಂಬ ಗೆಲುವಾಗಿತ್ತು. ಎಲ್ಲವನ್ನೂ ಸರಿಯಾಗಿ ಮಾಡಿ ಮುಗಿಸಿದವರ ಗೆಲುವು.

ಮೊದಲ ವಿಮಾನಯಾನದ ಬಗ್ಗೆ ಬರೆಯುವವರೆಲ್ಲ ಮೋಡದ ಬಗ್ಗೆ ಬರೆಯುತ್ತಾರೆ. ನನಗೆ ನೆನಪಿರುವುದು ತೊಡೆಯ ಮೇಲಿದ್ದ ಚೀಲ. ಅದರಲ್ಲಿ ಗಂಟು. ಅಕ್ಕನ ಮುಂದೆ ಕೂತು ಮೊದಲು ಏನು ಹೇಳಬೇಕು ಎಂದು ಮುಂಬಯಿಯಿಂದ ಲಂಡನ್ನಿನವರೆಗೆ ಮನಸ್ಸಿನಲ್ಲೇ ಬರೆದು ಬರೆದು ಅಳಿಸಿದೆ. ಊಟಕ್ಕೆ ಸರಿಯಾಗಿ ಬಂದಿದೀಯ ಅಂದದ್ದಕ್ಕೆ ತಪ್ಪಾಯ್ತು ಎಂದು ಕೇಳಬೇಕಿತ್ತು. ನಲವತ್ತೊಂದು ವರ್ಷದಲ್ಲಿ ನಾನು ಯಾರ ಹತ್ತಿರವೂ ತಪ್ಪಾಯ್ತು ಅಂದವಳಲ್ಲ. ಕೊನೆಗೆ, ಗಂಟನ್ನೇ ಅವಳ ಕೈಯಲ್ಲಿಟ್ಟು, ತೊಗೋ, ಗುರುವಾರದಿಂದ ಪಾತ್ರೆ ತೊಳೆದಿಲ್ಲ ಕಣೆ, ಅನ್ನುವುದೆಂದು ತೀರ್ಮಾನಿಸಿದೆ. ಅವಳು ನಕ್ಕರೆ ಉಳಿದದ್ದನ್ನು ಹೇಳುವುದು ಸುಲಭವಾಗುತ್ತದೆ.

ಲಂಡನ್ನಿನಲ್ಲಿ ಅಧಿಕಾರಿ ಯಾಕೆ ಬಂದಿದ್ದೀರಿ ಎಂದು ಕೇಳಿದ. ಅಕ್ಕನನ್ನು ನೋಡುವುದಕ್ಕೆ ಅಂದೆ. ಅವನು ಪಾಸ್‌ಪೋರ್ಟ್ ಮುಚ್ಚಿ ಕೊಟ್ಟ. ಹೊರಗೆ ಬಂದರೆ ಕಂಬಿಯ ಆಚೆ ಭಾವ ನಿಂತಿದ್ದರು. ಗಡ್ಡ ಬೋಳಿಸಿರಲಿಲ್ಲ. ನನ್ನನ್ನು ನೋಡಿ ಮುಂದೆ ಬರಲಿಲ್ಲ, ನಾನೇ ಹತ್ತಿರ ಹೋಗುವವರೆಗೂ ನಿಂತೇ ಇದ್ದರು. ಅವರ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು.

"ನಿನ್ನೆ ಮಧ್ಯಾಹ್ನ," ಅಂದರು. "ಫೋನ್ ಮಾಡ್ದೆ. ಆಗ್ಲೇ ನೀವು ಮನೆ ಬಿಟ್ಟಿದ್ರಿ. ಇವತ್ತು ಬರ್ತೀರ ಅಂತ ಅಣ್ಣ ಹೇಳಿದ್ರು."

ನಾನು ಅಲ್ಲೇ ಲಗೇಜಿನ ಗಾಡಿಯ ಹಿಡಿ ಹಿಡಿದು ನಿಂತೆ. ಭಾವ ಇನ್ನೊಂದು ಮಾತು ಕೇಳಿದರು. ಸಿಟ್ಟಿನಿಂದಲ್ಲ. ನಿಜವಾಗಿಯೂ ಅರ್ಥವಾಗದವರ ಹಾಗೆ.

"ಗುರುವಾರ ಹೊರಟವರು ಇಷ್ಟು ದಿನ ಎಲ್ಲಿದ್ರಿ?"

ನಾನು ಚೀಲದಿಂದ ಗಂಟು ತೆಗೆದು ತೋರಿಸಿದೆ. ಇದು ಹೊರಟಿತ್ತು, ನಾನಲ್ಲ ಅಂದೆ. ಕಾರಿನಲ್ಲಿ ಕೂತ ಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಭಾವ ರಸ್ತೆಯನ್ನೇ ನೋಡುತ್ತ ಕೇಳಿದರು. ಆಮೇಲೆ ಅವರು ಹೇಳಿದರು.

ಗುರುವಾರ ಫೋನ್ ಇಟ್ಟ ಮೇಲೆ ಅಕ್ಕ ಗೆಲುವಾಗಿದ್ದಳಂತೆ. ಬೆಳಿಗ್ಗೆ ಹೊರಟಿದ್ದಾಳೆ ಅಂದರೆ ನಾಳೆ ಬೆಳಿಗ್ಗೆ ಬರಬೇಕು ಎಂದು ಬೆರಳು ಮಡಿಸಿ ಲೆಕ್ಕ ಹಾಕಿ, ಮಾಳಿಗೆಯ ರೂಮಿನಲ್ಲಿ ನನಗೆ ಹಾಸಿಗೆ ಹಾಕಿಸಿದಳಂತೆ. ಶುಕ್ರವಾರ ಭಾವ ಬೆಳಗಿನ ಜಾವವೇ ಹೋಗಿ, ಮುಂಬಯಿಯಿಂದ ಬಂದ ಒಂದೊಂದು ವಿಮಾನದ ಜನ ಖಾಲಿಯಾಗುವವರೆಗೂ ಅದೇ ಕಂಬಿಯ ಹತ್ತಿರ ನಿಂತರು. ಮಧ್ಯಾಹ್ನ ಒಬ್ಬರೇ ಮನೆಗೆ ಬಂದರು. ಅಕ್ಕ ಬಾಗಿಲ ಕಡೆ, ಅವರ ಹಿಂದೆ, ಸ್ವಲ್ಪ ಹೊತ್ತು ನೋಡಿದಳು.

"ಅವಳು ಬರಲ್ಲ ಅಂದಿರ್ತಾಳೆ," ಅಂದಳಂತೆ. "ನಂಗೆ ಬೇಜಾರಾಗ್ಬಾರ್ದು ಅಂತ ಅಣ್ಣ ಹಾಗೆ ಹೇಳಿದಾರೆ. ಪಾಪ, ಅವರಿಗೆ ಸುಳ್ಳು ಹೇಳೋಕೆ ಬರಲ್ಲ. ಏಳೂಮುಕ್ಕಾಲು ಅಂತ ಟೈಮೂ ಸೇರಿಸಿದ್ರು."

ಭಾವ ಬೆಂಗಳೂರಿಗೆ ಫೋನ್ ಮಾಡುತ್ತೇನೆಂದು ಎದ್ದರೆ ಅವಳು ಕೈ ಹಿಡಿದು ಕೂರಿಸಿದಳು.

"ಬೇಡ. ಅವರ ಬಾಯಲ್ಲಿ ಇನ್ನೊಂದು ಸುಳ್ಳು ಹೇಳ್ಸೋದು ಬೇಡ."

ಶನಿವಾರವೂ ಭಾವ ಸುಮ್ಮನೆ ಅವಳಿಗೆ ಹೇಳದೆ ಏರ್‌ಪೋರ್ಟಿಗೆ ಹೋಗಿ ನಿಂತು ಬಂದರಂತೆ. ಆ ಹೊತ್ತಿಗೆ ಅಕ್ಕ ನನ್ನ ವಿಷಯ ಕೇಳುವುದನ್ನು ಬಿಟ್ಟಿದ್ದಳು.

ನಾನು ಭಾವನನ್ನು ಕೇಳಿದೆ, ಅವಳಿಗೆ ಪರಸ್ಥಾನ ನೆನಪಾಗಲೇ ಇಲ್ಲವೇ ಎಂದು. ನೋವಿನ ಔಷಧಿ ಜಾಸ್ತಿ ಮಾಡಿದ್ದರು, ಎಷ್ಟೋ ವಿಷಯ ಮರೆತುಹೋಗುತ್ತಿತ್ತು ಅಂದರು. ಇರಬಹುದು. ಹಳೆಯ ಕೆಂಪು ಗಂಟು ಮರೆತುಹೋಯಿತು. ನಾನು ಬಾರದೆ ಹೋದ ಬೇಸಿಗೆಗಳು ಮರೆತಿರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ನನ್ನಂಥ ತಂಗಿಯ ಬಗ್ಗೆ ಅದನ್ನೇ ಅಂದುಕೊಳ್ಳುತ್ತಿದ್ದೆ.

ಆ ದೇಶದಲ್ಲಿ ನಾನು ಹದಿನಾರು ದಿನ ಇದ್ದೆ. ಏನು ನೋಡಿದಿರಿ ಎಂದು ಶಾಲೆಯಲ್ಲಿ ಆಮೇಲೆ ಕೇಳಿದರು. ನಾನು ನೋಡಿದ್ದು ಒಂದು ಅಡುಗೆಮನೆ. ಡಬ್ಬಿಗಳ ಮೇಲೆ ಅಕ್ಕನ ಗುಂಡು ಅಕ್ಷರದಲ್ಲಿ ಸಾಸಿವೆ, ಮೆಂತ್ಯ, ಹುರಿಗಡಲೆ. ಮಾಳಿಗೆಯ ರೂಮಿನಲ್ಲಿ ನನಗಾಗಿ ಹಾಸಿದ್ದ ಹಾಸಿಗೆ ಹಾಗೇ ಇತ್ತು, ಹೊದಿಕೆಯ ಒಂದು ಮೂಲೆ ಮಡಿಸಿ ಬಿಟ್ಟಿತ್ತು. ಮೂರು ದಿನ ಅದರ ಮೇಲೆ ಮಲಗುವುದಕ್ಕೆ ನನ್ನಿಂದ ಆಗಲಿಲ್ಲ, ಕುರ್ಚಿಯಲ್ಲೇ ಇದ್ದೆ. ಅಲ್ಲಿ ದಹನಕ್ಕೆ ದಿನ ಸಿಗುವುದೂ ಸರತಿಯ ಮೇಲೆ. ಒಂದು ವಾರ ಕಾಯಬೇಕಾಯಿತು. ಅಮ್ಮನ ಸೀರೆಯನ್ನು ಅಕ್ಕನಿಗೆ ಹೊದಿಸಲು ಕೊಟ್ಟೆ. ಅಲ್ಲಿಯವರು ಅದನ್ನು ಚಾದರದ ಹಾಗೆ ಕುತ್ತಿಗೆವರೆಗೆ ಹೊದಿಸಿದ್ದರು. ನಾನು ಮುಂದೆ ಹೋಗಿ ಸೆರಗನ್ನು ಸರಿ ಮಾಡಿದೆ. ತಪ್ಪಾಯ್ತು ಅಂದೆ. ಎಷ್ಟು ಮೆಲ್ಲಗೆ ಅಂದೆನೆಂದರೆ ಪಕ್ಕದಲ್ಲಿದ್ದ ಭಾವನಿಗೂ ಕೇಳಿಸಲಿಲ್ಲ.

ಹೊರಡುವ ದಿನ ಭಾವ ಒಂದೇ ಮಾತು ಹೇಳಿದರು. "ಅಣ್ಣಂಗೆ ಇದೆಲ್ಲ ಹೇಳ್ಬೇಡಿ." ನಾನು ಹೇಳಬೇಕೆಂದೇ ಇದ್ದೆ. ಹದಿನಾರು ದಿನವೂ ಹೇಳುವ ಮಾತನ್ನು ಮಸೆಯುತ್ತಿದ್ದೆ. ನಿಮ್ಮ ಪಂಚಾಂಗ, ನಿಮ್ಮ ಶೂಲ, ನಿಮ್ಮ ಏಳೂಮುಕ್ಕಾಲು. ಬೂತಿನ ಮುಂದೆ ಎರಡು ಸಲ ಹಾದುಹೋದದ್ದು ನಾನು ಎಂಬುದನ್ನು ಮರೆಯಲಿಕ್ಕೆ ನನಗೆ ಅಣ್ಣನ ಮೇಲಿನ ಆ ಸಿಟ್ಟು ಬೇಕಾಗಿತ್ತು.

ಮನೆಗೆ ಬಂದೆ. ಅಣ್ಣ ಹದಿನಾರು ದಿನಕ್ಕೆ ಹತ್ತು ವರ್ಷ ಹೆಚ್ಚು ವಯಸ್ಸಾದವರ ಹಾಗೆ ಇಳಿದುಹೋಗಿದ್ದರು. ಸ್ನಾನ ಮಾಡಿ ಬಾ ಅಂದರು. ಸ್ನಾನ ಮಾಡಿ ಬಂದು ಎದುರಿಗೆ ಕೂತೆ. ಹೇಗೆ ಹೋದಳು, ನೋವಿತ್ತಾ, ಎಲ್ಲಿ ಸುಟ್ಟರು, ಯಾವುದನ್ನೂ ಕೇಳಲಿಲ್ಲ. ಕೇಳಿದ್ದು ಇಷ್ಟು:

"ನೀನು ಹೊರಟಿದ್ದು ಅವಳಿಗೆ ಗೊತ್ತಿತ್ತು, ಅಲ್ವಾ?"

ಮಸೆದಿಟ್ಟ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲೇ ಇದ್ದವು. ಅಣ್ಣ ನನ್ನ ಮುಖ ನೋಡುತ್ತಿರಲಿಲ್ಲ, ತಮ್ಮ ಎರಡು ಕೈಗಳನ್ನು ನೋಡಿಕೊಳ್ಳುತ್ತಿದ್ದರು.

"ಗೊತ್ತಿತ್ತು ಅಣ್ಣ," ಅಂದೆ. "ನೀವೇ ಹೇಳಿದ್ರಲ್ಲ."

"ಹೂಂ. ನಾನೇ ಹೇಳ್ದೆ." ಅವರು ಉಸಿರು ಬಿಟ್ಟರು. "ಅದೊಂದು ಒಳ್ಳೇದಾಯ್ತು."

ಆಮೇಲೆ ಅಣ್ಣ ಆರು ವರ್ಷ ಬದುಕಿದರು. ಮನೆಗೆ ಬಂದವರ ಮುಂದೆ ಅಕ್ಕನ ಮಾತು ಬಂದಾಗಲೆಲ್ಲ ಅದನ್ನೇ ಹೇಳುತ್ತಿದ್ದರು. ತಂಗಿ ಹೊರಟಳು ಅನ್ನೋದನ್ನ ಕೇಳ್ಕೊಂಡೇ ಹೋದಳು, ಅಷ್ಟು ಸಮಾಧಾನ ಇತ್ತು ಅವಳಿಗೆ. ಹೇಳಿ ನನ್ನ ಕಡೆ ತಿರುಗಿ "ಅಲ್ವೇನಮ್ಮ?" ಅನ್ನುತ್ತಿದ್ದರು. ನಾನು ಪ್ರತಿ ಸಲವೂ "ಹೌದಣ್ಣ" ಎಂದು ಕಾಫಿಗೆ ನೀರಿಡಲು ಏಳುತ್ತಿದ್ದೆ. ಅವರ ಬಾಯಲ್ಲಿ ಇನ್ನೊಂದು ಸುಳ್ಳು ಬೇಡ ಅಂದಿದ್ದಳು ಅಕ್ಕ. ಆ ಸುಳ್ಳನ್ನು ಆರು ವರ್ಷ ನಾನು ಹೇಳಿದೆ. ಕೆಂಪು ಗಂಟು ಬಿಚ್ಚದೆ ಹಾಗೇ ನನ್ನ ಬೀರುವಿನಲ್ಲಿದೆ. ಒಳಗಿನ ಅಕ್ಕಿಗೆ ಹುಳು ಹಿಡಿದು ಹುಡಿಯಾಗಿದೆ, ಮುಟ್ಟಿದರೆ ಅಡಿಕೆ, ನಾಣ್ಯ ಮಾತ್ರ ಕೈಗೆ ಸಿಗುತ್ತವೆ.